ಅಸಬೆ ಮತ್ತು ಬೀಗ ಹಾಕುವ ಗಂಡ

ಕಾನೋ ನಗರದ ಹಳೆಯ ಕೋಟೆಯೊಳಗಿನ ಕೇರಿಯಲ್ಲಿ ಅಸಬೆ ಬೆಳಗ್ಗೆ ಅಲಸಂದೆ ವಡೆ ಕರಿದು ಮಾರುತ್ತಿದ್ದಳು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅವಳೇ ಮೇಷ್ಟ್ರು. ಶಾಲೆಯ ಖಾಲಿ ಕೋಣೆಯೊಂದರಲ್ಲಿ ಮದುವೆಯಾದ ಹೆಂಗಸರಿಗೆ ಓದುಬರಹ ಕಲಿಸುತ್ತಿದ್ದಳು. ಐವತ್ತು ದಾಟಿದ ವಿಧವೆ ಬೀದಿಯಲ್ಲಿ ಓಡಾಡಿದರೆ ಯಾರೂ ಕೇಳುವುದಿಲ್ಲ. ಆದರೆ ಅವಳ ಕಾರಣಕ್ಕೆ ಹದಿನೆಂಟು ಮಂದಿ ಗಂಡನಿದ್ದವರು ಹೊಸ್ತಿಲು ದಾಟುತ್ತಿದ್ದಾರಲ್ಲ, ಅದು ಹಲವರ ಕಣ್ಣು ಕುಕ್ಕಿತ್ತು.

ಅವಳಿಗಿದ್ದ ಒಂದೇ ಚಟ ಕಾದಂಬರಿಯದು. ಮಾರುಕಟ್ಟೆಯಲ್ಲಿ ಸಿಗುವ ತೆಳ್ಳನೆಯ ಪ್ರೇಮಕಥೆಗಳು, ಒಂದೊಂದು ಕಥೆ ಮೂರು ಭಾಗ. ಗಂಡ ಕೋಪಿಷ್ಠನಾಗಿರಬೇಕು, ಸಿರಿವಂತನಾಗಿರಬೇಕು, ಹೆಂಡತಿಯನ್ನು ಮಹಡಿಯ ಕೋಣೆಯಲ್ಲಿಟ್ಟು ಬೀಗ ಹಾಕಬೇಕು. ಆಗಲೇ ಅಸಬೆಗೆ ಮೈ ಜುಮ್ಮೆನ್ನುವುದು. ಪಾಠ ಮುಗಿದ ಮೇಲೆ ಎಲ್ಲರಿಗೂ ಒಂದಿಷ್ಟು ಓದಿ ಹೇಳಿ, ಕುತೂಹಲ ಕೆರಳುವ ಜಾಗಕ್ಕೆ ಬಂದ ಕೂಡಲೇ ಪುಸ್ತಕ ಮುಚ್ಚಿಬಿಡುತ್ತಿದ್ದಳು. ಮುಂದಿನದು ಬೇಕಿದ್ದವರು ತಾವೇ ಓದಿಕೊಳ್ಳಬೇಕು. ಅರ್ಧ ತರಗತಿ ಅಕ್ಷರ ಕಲಿತದ್ದೇ ಹಾಗೆ.

ಕಾಲೇಜು ಓದುವ ಅಣ್ಣನ ಮಗಳು ಬಿಲ್ಕಿಸುಗೆ ಇದು ಸರಿಬರುತ್ತಿರಲಿಲ್ಲ. ಹಿಟ್ಟು ಕಲಸುತ್ತಲೇ ಒಮ್ಮೆ ಕೇಳಿಬಿಟ್ಟಳು.

"ಅತ್ತೆ, ಹೆಂಗಸ್ರು ಹೊರಗೆ ಬರ್ಬೇಕು ಅಂತ ಊರ್ನೆಲ್ಲಾ ಎದುರು ಹಾಕ್ಕೋತೀಯ. ಮನೇಲಿ ಕೂತ್ರೆ ಹೆಂಡ್ತಿಗೆ ಬೀಗ ಹಾಕೋನಿಗೋಸ್ಕರ ಕಣ್ಣು ಮೂಗು ಒರೆಸ್ಕೋತೀಯಲ್ಲ."

"ನಮ್ಮಮ್ಮ ಸತ್ತಾಗ ಮೂರು ಬೀದಿ ದಾಟಿ ಹೋಗೋಕೆ ನಿಮ್ಮ ಮಾವ ನನ್ನ ಬಿಡಲಿಲ್ಲ ಕಣೇ," ಎಂದಳು ಅಸಬೆ. "ಅದು ನಿಜವಾದ ಬೀಗ. ಇದು ಪುಸ್ತಕದ್ದು. ಎಣ್ಣೆ ಕಾದ್ರೆ ಮಡಚಿಟ್ಟು ಎದ್ದು ಬರ್ತೀನಿ. ಎರಡಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ದಡ್ಡಿ ಅಲ್ಲ ನಾನು."

ಬಿಲ್ಕಿಸುಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ಅಸಬೆಗೂ ಪೂರ್ತಿ ಆಗಿರಲಿಲ್ಲ. ಆದರೂ ಓದುವುದು ಬಿಡಲಿಲ್ಲ.

ಒಂದು ಗುರುವಾರ ಕೇರಿಯ ಯಜಮಾನ ಇಲು, ಓದಿದ ಹಿರಿಯರಿಗೆಲ್ಲ ಅನ್ನುವಂತೆ ಎಲ್ಲರ ಬಾಯಲ್ಲೂ ಮಾಲಂ ಇಲು, ಶಾಲೆಗೇ ಬಂದು ಮೇಜಿನ ಮೇಲಿದ್ದ ಕಾದಂಬರಿಯ ಎರಡನೇ ಭಾಗವನ್ನು ಎತ್ತಿಕೊಂಡು ಹೋದ. ಮುಂದಿನ ಗುರುವಾರ ವಿಚಾರಣೆ, ಅಲ್ಲಿಯವರೆಗೆ ತರಗತಿ ಬಂದ್ ಎಂದ. ಹದಿನೆಂಟು ಜನರೂ ಮತ್ತೆ ಒಳಮನೆ ಸೇರಿದರು. ಅವರಲ್ಲಿ ಮೂವರು ಮಾತ್ರ ತಡವರಿಸದೆ ಓದಬಲ್ಲವರಾಗಿದ್ದರು. ಉಳಿದವರು ಕಲಿತದ್ದನ್ನೂ ಮರೆಯುತ್ತಾರೆ ಎಂಬ ಸಂಕಟಕ್ಕೆ ಆ ವಾರ ಅಸಬೆ ಎರಡು ಸಲ ವಡೆ ಸೀಯಿಸಿದಳು.

ಗುರುವಾರ ಯಜಮಾನನ ಮನೆಯ ಮುಂದಿನ ಪಡಸಾಲೆಯಲ್ಲಿ ಅವಳೊಬ್ಬಳೇ ಚಾಪೆಯ ಮೇಲೆ ಕೂತಳು. ಕೇರಿಯ ನಾಲ್ವರು ಹಿರಿಯರು ಎದುರಿಗಿದ್ದರು. ಒಳಬಾಗಿಲ ಪರದೆಯ ಹಿಂದೆ ಯಜಮಾನನ ಹೆಂಡತಿ ಸಾಆ ಕೂತಿದ್ದಳು. ಕೆಳಗಡೆ ಅವಳ ಪಾದ ಮಾತ್ರ ಕಾಣುತ್ತಿತ್ತು.

ಮಾಲಂ ಇಲು ಕೆಟ್ಟವನಲ್ಲ, ತನ್ನ ಮಾತು ತನಗೇ ಇಷ್ಟ, ಅಷ್ಟೇ. ಪುಸ್ತಕ ಎತ್ತಿ ಹಿಡಿದು, ಇದರಲ್ಲಿ ಏನೇನಿದೆ ಎಂದು ವಾರವಿಡೀ ಊಟವಾದ ಮೇಲೆ ಹೆಂಡತಿಗೆ ಓದಿ ತೋರಿಸಿದ್ದೇನೆ ಎಂದ. ಬೀಗ ಹಾಕುವ ಗಂಡನನ್ನು ಈ ಹೆಂಗಸರೇ ಮೆಚ್ಚಿ ಕಣ್ಣೀರಿಡುತ್ತಾರೆ, ಹಾಗಿದ್ದ ಮೇಲೆ ನಾವು ಮನೆಯಲ್ಲಿರಿ ಎಂದರೆ ಯಾಕೆ ಜಗಳ ಎಂದು ಕೇಳಿದ. ಹಿರಿಯರು ತಲೆದೂಗಿದರು.

ಒಬ್ಬರು, ಕೊನೆಗಾದರೂ ಆ ಗಂಡ ತಪ್ಪೊಪ್ಪಿಕೊಳ್ಳುತ್ತಾನೋ ಎಂದು ವಿಚಾರಿಸಿದರು. ಹೌದೆಂದಿದ್ದರೆ ಅಸಬೆ ಸುಲಭವಾಗಿ ಪಾರಾಗುತ್ತಿದ್ದಳು.

"ಇಲ್ಲ ಮಾಲಂ," ಎಂದಳು. "ಮೂರನೇ ಭಾಗದಲ್ಲೂ ಒಪ್ಪಿಕೊಳ್ಳಲ್ಲ. ಅವಳೇ ಕ್ಷಮಿಸ್ತಾಳೆ. ನಾಲ್ಕು ಸಲ ಓದಿದೀನಿ, ನಾಲ್ಕು ಸಲಾನೂ ಅತ್ತಿದೀನಿ. ಅವನು ನಮ್ಮನೆಗೆ ಬಂದ್ರೆ ಮಾತ್ರ ಕಾದ ಎಣ್ಣೆ ತೋರಿಸ್ತೀನಿ."

ಮಾಲಂ ಇಲು ತೀರ್ಪು ಹೇಳಲು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಪರದೆ ಅಲುಗಿತು.

"ಕ್ಲಾಸು ನಿಲ್ಲಿಸ್ಬೇಡಿ," ಎಂದಳು ಸಾಆ. "ನಾನೂ ಹೋಗ್ಬೇಕು. ಮೂರನೇ ಭಾಗ ನಾನೇ ಓದ್ಕೋತೀನಿ."

"ನಾನು ಓದಿ ಹೇಳಲ್ವೇನೇ?"

"ಹೇಳ್ತೀರಿ. ಅವನು ಬೀಗ ಹಾಕೋ ಜಾಗ ಬಂದ್ರೆ ದನಿ ಏರಿಸ್ತೀರಿ. ಅವಳು ಅಳೋ ಜಾಗ ಬಂದ್ರೆ ಎರಡು ಪುಟ ಒಟ್ಟಿಗೇ ತಿರುಗಿಸ್ತೀರಿ. ನನಗೆ ಅಕ್ಷರ ಬರಲ್ಲ ನಿಜ, ಹಾಳೆ ಸದ್ದು ಕೇಳ್ಸುತ್ತೆ."

ಮಾಲಂ ಇಲುವಿನ ಕಿವಿ ಕೆಂಪಾಯಿತು. ಹಿರಿಯರು ತಮ್ಮ ತಮ್ಮ ಜಪಮಣಿ ನೋಡಿಕೊಳ್ಳತೊಡಗಿದರು. ಕೊನೆಗೆ ಅವನು ಪುಸ್ತಕವನ್ನು ಅಸಬೆಯತ್ತ ಸರಿಸಿ, ಸಂಜೆಯ ಬಾಂಗಿಗೆ ಮುಂಚೆ ಎಲ್ಲರೂ ಮನೆ ಸೇರಬೇಕು ಎಂದಷ್ಟೇ ಹೇಳಿದ.

ಶನಿವಾರ ಹತ್ತೊಂಬತ್ತು ಮಂದಿ ಸೇರಿದರು. ಸಾಆ ಮುಂದಿನ ಬೆಂಚಿನಲ್ಲಿ ಬಂದು ಕೂತಳು. ಅಸಬೆ ಅವಳ ಕೈಗೆ ಬಳಪ ಕೊಟ್ಟು, ಮೂರನೇ ಭಾಗಕ್ಕೆ ಇನ್ನೂ ಒಂದು ವರ್ಷವಾದರೂ ಬೇಕು ತಾಯಿ ಎಂದಳು.

"ಮೂರನೇದು ಆಮೇಲಾಗ್ಲಿ," ಎಂದಳು ಸಾಆ. "ಮೊದಲು ಆ ಎರಡು ಪುಟ ಎಲ್ಲಿವೆ ತೋರ್ಸು."