ಮೂಲೆ ಕೋಣೆಯ ಕಾವು

ಅವನ ಮುಖ ಕಾಣುವುದಕ್ಕೆ ಮೊದಲೇ ಅವಳು ಅವನ ಸದ್ದು ಕೇಳಿದ್ದಳು. ಹೋಟೆಲಿನಲ್ಲಿ ಹಾಸಿಗೆ ಹಾಸುವ ಕೆಲಸಕ್ಕೆ ಸೇರಿದ ಮೊದಲ ದಿನ ಅದು. ಗಂಡ ತೀರಿ ವರ್ಷ ತುಂಬಿತ್ತು, ನಾಲ್ಕು ವರ್ಷದ ಮಗಳನ್ನು ಪಕ್ಕದ ಮನೆಯವಳ ಹತ್ತಿರ ಬಿಟ್ಟು ಬಂದಿದ್ದಳು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಎರಡನೇ ಮಹಡಿಯ ರೂಮಿನಲ್ಲಿ ಒಬ್ಬಳೇ ದಿಂಬಿಗೆ ಗವಸು ತೊಡಿಸುತ್ತಿದ್ದಾಗ ಕಿಟಕಿಯ ಕೆಳಗಿದ್ದ ಕಬ್ಬಿಣ ಟಣ್ ಟಣ್ ಟಣ್ ಎಂದು ಮೂರು ಸಲ ಬಡಿಯಿತು. ದಿಂಬನ್ನು ಎದೆಗೆ ಅವಚಿಕೊಂಡು ಬಾಗಿಲಿಗೆ ಓಡಿದಳು.

ಹೊರಗೆ ಕೆಲಸದವರ ಮೇಲ್ವಿಚಾರಕಿ ಒಗೆದ ಬಟ್ಟೆ ಎಣಿಸುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ದೊಡ್ಡಮ್ಮ. ಅವರು ತಲೆ ಕೂಡ ಎತ್ತಲಿಲ್ಲ.

"ದೆವ್ವ ಅಲ್ಲ ಕಣೆ, ಕಾವಣ್ಣ. ಕೆಳಗೆ ಬಾಯ್ಲರಿಗೆ ಬೆಂಕಿ ಹಾಕಿದಾನೆ. ದೆವ್ವ ಆಗಿದ್ರೆ ದಿನಾ ನಾಲ್ಕಕ್ಕೆ ಸರಿಯಾಗಿ ಬರ್ತಿತ್ತಾ?"

ಹೋಟೆಲು ಹಳೆಯದು, ಊರು ಚಳಿಯದು. ನೆಲಮಾಳಿಗೆಯಲ್ಲಿ ಕಲ್ಲಿದ್ದಲಿನ ಬಾಯ್ಲರ್ ಇತ್ತು. ಅಲ್ಲಿ ಕಾದ ನೀರು ಪೈಪಿನಲ್ಲಿ ಮೇಲೇರಿ ಇಪ್ಪತ್ತೆರಡು ರೂಮುಗಳನ್ನೂ ಸುತ್ತಿ ಮತ್ತೆ ಕೆಳಗಿಳಿಯುತ್ತಿತ್ತು. ಪ್ರತಿ ಕಿಟಕಿಯ ಕೆಳಗೆ ಒತ್ತೊತ್ತಾಗಿ ನಿಲ್ಲಿಸಿದ ಕಬ್ಬಿಣದ ಕೊಳವೆಗಳಿದ್ದವು. ಎಲ್ಲರೂ ಅದನ್ನು ಹೀಟರ್ ಎನ್ನುತ್ತಿದ್ದರು. ಇಷ್ಟನ್ನೂ ಕಾಯುತ್ತಿದ್ದವನು ಕಾವಣ್ಣ. ಅವನ ನಿಜವಾದ ಹೆಸರು ಸಂಬಳದ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಕುಳ್ಳ ಆಳು, ಹುಬ್ಬಿನ ತುಂಬ ಬೂದಿ. ಬಾಯ್ಲರನ್ನು ಅವನು ಮುದುಕಿ ಎಂದು ಕರೆಯುತ್ತಿದ್ದ. ಮುದುಕಿ ಇವತ್ತು ಮುನಿಸಿಕೊಂಡಿದಾಳೆ, ಮುದುಕಿಗೆ ಕೆಮ್ಮು ಬಂದಿದೆ ಎಂದು ಸುದ್ದಿ ಹೇಳಿಕೊಂಡು ಓಡಾಡುವನು. ಹೆಂಡತಿ ಮಕ್ಕಳು ಇಲ್ಲ. ಇದ್ದಿದ್ದರೆ ಮುದುಕಿ ಸವತಿ ಮಾತ್ಸರ್ಯ ಮಾಡ್ತಿದ್ದಳು ಎಂದು ದೊಡ್ಡಮ್ಮ ಚುಚ್ಚುತ್ತಿದ್ದರು.

ಬರುವ ಗಿರಾಕಿಗಳು ಒಬ್ಬೊಬ್ಬರು ಒಂದೊಂದು ತರಹ. ರೂಮು ರೊಟ್ಟಿ ಸುಡುವ ಒಲೆಯ ಹಾಗಿರಬೇಕು ಎನ್ನುವವರಿದ್ದರು. ಕಿಟಕಿ ಹಾರು ಹೊಡೆದಿಟ್ಟು ಚಳಿ ಚಳಿ ಎಂದು ಗಂಟೆ ಬಾರಿಸುವವರಿದ್ದರು. ಹೀಟರಿನ ಮೇಲೆ ಒದ್ದೆ ಕಾಲುಚೀಲ ಒಣಗಹಾಕಿ, ರೂಮು ನಾರುತ್ತದೆ ಎಂದು ದೂರು ಕೊಡುವವರೂ ಇದ್ದರು. ಕಾವಣ್ಣ ಯಾರ ಮೇಲೂ ರೇಗುತ್ತಿರಲಿಲ್ಲ. ಗಿರಾಕಿ ಎಷ್ಟು ಕೇಳಬಹುದು, ನಾವು ಎಷ್ಟು ಕೊಡಬೇಕು ಎನ್ನುವುದಕ್ಕೆ ಅವನ ಹತ್ತಿರ ಒಂದೇ ಅಳತೆ ಇತ್ತು. ಬಂದವನು ಮಂಚದ ಮೇಲೆ ಕೂತು ಕಾಲುಚೀಲ ಬಿಚ್ಚಿದರೆ, ಬೆಳಗಾಗುವ ತನಕ ಮತ್ತೆ ಅದನ್ನು ಹುಡುಕಬಾರದು. ಅದಕ್ಕಿಂತ ಹೆಚ್ಚು ಕೇಳುವವನು ದುರಾಸೆಯವನು, ಅದಕ್ಕಿಂತ ಕಮ್ಮಿ ಕೊಡುವವರು ನಾವು ಕಳ್ಳರು.

ಆ ಅಳತೆಗೆ ಬಗ್ಗದಿದ್ದುದು ಒಂದೇ ರೂಮು. ಎರಡನೇ ಮಹಡಿಯ ಮೂಲೆಯದು. ಪೈಪಿನ ಸಾಲಿನಲ್ಲಿ ಕಟ್ಟಕಡೆಯದಾದ್ದರಿಂದ ಗಾಳಿಯೆಲ್ಲ ಹೋಗಿ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಗಾಳಿ ಕೂತಲ್ಲಿ ಬಿಸಿನೀರು ಹರಿಯುವುದಿಲ್ಲ. ಆಗ ಕಾವಣ್ಣ ಕೆಳಗೆ ಹೋಗಿ ನೀರಿನ ಒತ್ತಡ ಏರಿಸಿ, ಮತ್ತೆ ಮೇಲೆ ಬಂದು, ಹೀಟರಿನ ಪಕ್ಕದ ಸಣ್ಣ ತಿರುಪನ್ನು ಸಡಿಲಿಸಿ, ಗಾಳಿಯೆಲ್ಲ ಬುಸುಗುಟ್ಟಿ ಹೋಗಿ ನೀರು ಚಿಮ್ಮುವ ತನಕ ಕಾದು ಕೂರಬೇಕು. ಒಂದು ಗಂಟೆಯ ಕೆಲಸ.

ಅವನ ಗುಟ್ಟು ಅವಳಿಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮರುವರ್ಷ. ಇಸ್ತ್ರಿ ಕೋಣೆಯಲ್ಲಿ ನಿಂತು ಮಾತಾಡುತ್ತ ಅವನು ಕಾದ ಇಸ್ತ್ರಿಪೆಟ್ಟಿಗೆಗೆ ಅಂಗೈ ಆನಿಸಿದ. ಆನಿಸಿದವನು ಮಾತು ಮುಂದುವರಿಸಿದ. ತೊಗಲು ಸುಟ್ಟ ವಾಸನೆ ಬಂದ ಮೇಲೇ ಕೈ ತೆಗೆದದ್ದು, ಅದೂ ಅವಳು ಎಳೆದಳೆಂದು. ಆಗ ಹೇಳಿದ. ಹಿಂದೆ ಒಂದು ಸಲ ವಾಲ್ವು ಸಿಡಿದು ಎರಡೂ ಕೈ ಬೆಂದಿದ್ದವು. "ತೊಗಲು ವಾಪಸು ಬಂತು ತಂಗಿ, ತಿಳಿವಳಿಕೆ ಬರ್ಲಿಲ್ಲ," ಎಂದ. ಬಿಸಿಯೂ ತಣ್ಣನೆಯದೂ ಆ ಕೈಗಳಿಗೆ ಒಂದೇ. ಇಷ್ಟು ವರ್ಷ ಯಾರೂ ಇಲ್ಲದಾಗ ಹೀಟರಿಗೆ ಕೆನ್ನೆ ಒತ್ತಿ ನೋಡುತ್ತಿದ್ದನಂತೆ. ಹಿಂದಿನ ತಿಂಗಳು ಯಾರೋ ಹೆಂಗಸು ಅದನ್ನು ಕಂಡು, ನಿಮ್ಮ ಆಳು ನನ್ನ ಮಂಚದ ಹತ್ತಿರ ಮಂಡಿಯೂರಿ ಏನು ಮೂಸ್ತಾನೆ ಎಂದು ಕೂಗಾಡಿದ್ದಳು. ಮ್ಯಾನೇಜರು ಛೀಮಾರಿ ಹಾಕಿದ್ದರು. ನಿಜ ಹೇಳಿದರೆ ಕೆಲಸ ಹೋಗುತ್ತಿತ್ತು. ಕಾವು ತಿಳಿಯದ ಬಾಯ್ಲರಿನವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅವತ್ತಿನಿಂದ ಅವಳೇ ಅವನ ಕೈಯಾದಳು. ಸಂಜೆ ಐದಕ್ಕೆ ಅವನು ರೂಮು ಸುತ್ತಲು ಹೊರಟಾಗ ಇವಳೂ ಹೊದಿಕೆಗಳ ಹೊರೆ ಹೊತ್ತು ಜೊತೆಗೆ ಹೋಗುವಳು. ನೋಡುವವರ ಕಣ್ಣಿಗೆಂದು ಅವನು ಹೀಟರಿನ ಮೇಲೆ ಕೈ ಇಡುವನು. ಇವಳು ಕಿಟಕಿಯ ಪರದೆ ಸರಿಮಾಡುವ ನೆಪದಲ್ಲಿ ಮಣಿಕಟ್ಟಿನ ಒಳಭಾಗ ತಾಗಿಸುವಳು. ಬೆಚ್ಚಗಿದ್ದರೆ "ಹಾಸಿಗೆ ಆಯ್ತು ಅಣ್ಣ" ಎನ್ನುವಳು. ಇಲ್ಲದಿದ್ದರೆ "ಹೊದಿಕೆ ಒಂದು ಕಮ್ಮಿ ಇದೆ" ಎನ್ನುವಳು. ಗಿರಾಕಿ ಎದುರಿಗೇ ಕೂತಿದ್ದರೂ ಸಂಶಯ ಬರುತ್ತಿರಲಿಲ್ಲ. ಆರು ವರ್ಷ ಹೀಗೆ ನಡೆಯಿತು. ಅವಳ ಮಾತನ್ನು ಅವನು ಎರಡನೇ ಸಲ ಕೇಳಿದ್ದಿಲ್ಲ. ಪ್ರತಿಯಾಗಿ ಅವನು ಕೊಡುತ್ತಿದ್ದುದೂ ಸಣ್ಣದಲ್ಲ. ಚಳಿ ಹೆಚ್ಚಿದ ದಿನ ಬಾಯ್ಲರಿನ ಮೇಲೆ ಇಟ್ಟಿಗೆ ಕಾಯಿಸಿ, ಗೋಣಿಯಲ್ಲಿ ಸುತ್ತಿ, ಮಗಳ ಹಾಸಿಗೆಗೆ ಇರಲಿ ಎಂದು ಕೊಟ್ಟು ಕಳಿಸುತ್ತಿದ್ದ.

ಮಗಳಿಗೆ ಹನ್ನೊಂದು ತುಂಬಿದ ವರ್ಷ ಚಳಿ ಬೇಗ ಬಂತು. ಆ ದಿನ ಸಂಜೆ ಪಕ್ಕದ ಮನೆಯವಳು ಹೇಳಿ ಕಳಿಸಿದಳು, ಹುಡುಗಿಗೆ ಜ್ವರ ಏರಿದೆ, ಬಡಬಡಿಸುತ್ತಿದ್ದಾಳೆ. ಐದೂವರೆಯ ಬಸ್ಸು ತಪ್ಪಿದರೆ ಮುಂದಿನದು ಏಳೂವರೆಗೆ. ಗಡಿಯಾರ ನೋಡಿಕೊಂಡೇ ಅವಳು ಇಪ್ಪತ್ತೊಂದು ರೂಮು ಸುತ್ತಿದಳು. ಉಳಿದದ್ದು ಮೂಲೆಯದು.

ಅಲ್ಲಿ ಇಳಿದಿದ್ದವನು ಗಡಿಯಾರ ರಿಪೇರಿಯ ಮುದುಕ. ಊರ ಗೋಪುರದ ಗಡಿಯಾರ ನಿಂತುಹೋಗಿದೆಯೆಂದು ಮೂರು ದಿನದ ಕೆಲಸಕ್ಕೆ ಕರೆಸಿದ್ದರು. ಮಂಚದ ತುದಿಯಲ್ಲಿ, ಹಾಸಿಗೆ ಸುಕ್ಕಾದೀತು ಎನ್ನುವ ಹಾಗೆ ಕೂತಿದ್ದ. ಕೋಟು ಇನ್ನೂ ಮೈಮೇಲೇ ಇತ್ತು. ಇವರನ್ನು ಕಂಡು ಎದ್ದು ನಿಂತ. ಕೆಲಸದವರಿಗೆ ಎದ್ದು ನಿಲ್ಲುವ ಗಿರಾಕಿಯನ್ನು ಅವಳು ಅದೇ ಮೊದಲು ನೋಡಿದ್ದು.

ಮಣಿಕಟ್ಟು ತಾಗಿಸಿದಳು. ಹೀಟರು ಉಗುರುಬೆಚ್ಚಗೂ ಇರಲಿಲ್ಲ. ಮೇಲ್ಭಾಗ ಕಲ್ಲಿನ ಹಾಗೆ ತಣ್ಣಗಿತ್ತು. ಗಾಳಿ ಕೂತಿತ್ತು. ಹೊದಿಕೆ ಕಮ್ಮಿ ಇದೆ ಎಂದರೆ ಕಾವಣ್ಣ ಕೆಳಗೆ ಹೋಗಬೇಕು, ತಿರುಪು ಬಿಚ್ಚಬೇಕು, ಅದು ಕಾದಿದೆಯೋ ಇಲ್ಲವೋ ಎಂದು ಹೇಳಲು ಅವಳು ಅಲ್ಲೇ ನಿಂತಿರಬೇಕು. ಒಂದೊಂದು ದಿನ ಅದು ತಾನಾಗಿ ಕಾಯುವುದೂ ಉಂಟು. ಅಷ್ಟು ಸಾಕಾಯಿತು ಅವಳಿಗೆ.

"ಹಾಸಿಗೆ ಆಯ್ತು ಅಣ್ಣ," ಎಂದಳು.

ಕಾವಣ್ಣನ ಮುಖ ಅರಳಿತು. ಮುದುಕನ ಕಡೆ ತಿರುಗಿ, ರೂಮು ಬೆಚ್ಚಗಾಗ್ತಾ ಇದೆ ಸ್ವಾಮಿ, ಕಾಲುಚೀಲ ಬಿಚ್ಚಿ ನೆಮ್ಮದಿಯಾಗಿ ಮಲಗಿ ಎಂದ. ಮುದುಕ ಕೈ ಮುಗಿದ. ಹೊರಡುವಾಗ ಅವಳು ಹೊರೆಯಿಂದ ಇನ್ನೊಂದು ಕಂಬಳಿ ಎಳೆದು ಕುರ್ಚಿಯ ಮೇಲಿಟ್ಟಳು. ಅದನ್ನು ಯಾಕಿಟ್ಟಳೆಂದು ಅವಳಿಗೆ ಮಾತ್ರ ಗೊತ್ತು. ಆಮೇಲೆ ಬಸ್ಸಿಗೆ ಓಡಿದಳು.

ಮಗಳ ಜ್ವರ ಬೆಳಗಾಗುವಷ್ಟರಲ್ಲಿ ಇಳಿಯಿತು. ಅವಳು ಹೋಟೆಲಿಗೆ ಬಂದಾಗ ಮುದುಕನನ್ನು ಆಸ್ಪತ್ರೆಗೆ ಸಾಗಿಸಿ ಆಗಿತ್ತು. ಬೆಳಗಿನ ಚಹಾ ಕೊಡಲು ಹೋದವರು ನೋಡಿದರಂತೆ. ತುಟಿ ನೀಲಿಯಾಗಿ, ಮಾತು ತೊದಲುತ್ತ ಮಲಗಿದ್ದ. ಕಂಬಳಿ ಕುರ್ಚಿಯ ಮೇಲೆ ಮಡಿಸಿದ ಹಾಗೇ ಇತ್ತು. ಯಾರೋ ಮರೆತು ಬಿಟ್ಟದ್ದು, ಮುಟ್ಟುವುದು ಹೇಗೆ ಎಂದುಕೊಂಡನಂತೆ. ಗಂಟೆಯನ್ನೂ ಬಾರಿಸಿರಲಿಲ್ಲ. ಬೆಚ್ಚಗಿದೆ ಎಂದು ತಿಳಿದವರೇ ಹೇಳಿದ ಮೇಲೆ, ಚಳಿ ತನ್ನ ಮೈಯದೇ ಇರಬೇಕು ಎಂದು ಸುಮ್ಮನಿದ್ದ. ಕಾಲುಚೀಲಗಳು ಮಂಚದ ಕೆಳಗೆ ಜೊತೆಯಾಗಿ ಇದ್ದವು.

ಅವಳು ಮೂಲೆಯ ರೂಮಿನತ್ತ ಹೋಗುತ್ತಿದ್ದಾಗ ಕಾವಣ್ಣ ಅಲ್ಲಿಂದ ಹೊರಗೆ ಬಂದ. ಬಲಗೆನ್ನೆಯ ಮೇಲೆ ತುಕ್ಕಿನ ಗೀರು, ಹೀಟರಿನ ಕೊಳವೆಯ ಅಗಲದ್ದು. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಮಗಳು ಹೇಗಿದಾಳೆ ಎಂದು ಕೇಳಿದ. ಜ್ವರ ಇಳಿದಿದೆ ಎಂದಳು. ಒಳ್ಳೇದಾಯ್ತು ಎಂದು ಮೆಟ್ಟಿಲಿಳಿದು ಹೋದ.

ಎಂಟನೇ ದಿನ ಮುದುಕ ತೀರಿಕೊಂಡ. ಎದೆಯಲ್ಲಿ ಮೊದಲೇ ಕಫ ಕಟ್ಟಿತ್ತು, ಚಳಿ ಅದಕ್ಕೆ ದಾರಿ ಮಾಡಿಕೊಟ್ಟಿತು ಎಂದರು ಡಾಕ್ಟರು. ಮ್ಯಾನೇಜರು ಎಲ್ಲರನ್ನೂ ಆಫೀಸಿಗೆ ಕರೆಸಿ, ಅವತ್ತು ಆ ರೂಮು ನೋಡಿದವರು ಯಾರು ಎಂದು ಕೇಳಿದರು. ಬಾಯಿ ಬಿಟ್ಟರೆ ಅವನ ಕೈಯ ಗುಟ್ಟೂ ಹೊರಗೆ ಬೀಳುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಮಗಳ ಶಾಲೆ, ಬಾಡಿಗೆ ರೂಮು, ಒಲೆ ಎಲ್ಲ ಆ ಒಂದು ಕ್ಷಣ ಕಣ್ಣ ಮುಂದೆ ಸುಳಿದವು.

"ನಾನು ನೋಡಿದ್ದು," ಎಂದ ಕಾವಣ್ಣ. "ಕೈಯಾರೆ ಮುಟ್ಟಿ ನೋಡಿದೆ. ಬೆಚ್ಚಗಿದೆ ಅನ್ನಿಸ್ತು. ತಪ್ಪು ನಂದು."

ಮರುದಿನವೇ ಅವನ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಅವನು ಗೇಟು ದಾಟುವ ಹೊತ್ತಿಗೆ ಮುದುಕನ ಮಗಳು ಸಾಮಾನಿನ ಪೆಟ್ಟಿಗೆ ಒಯ್ಯಲು ಬಂದಿದ್ದಳು. ಪುಟ್ಟ ಪುಟ್ಟ ಸ್ಕ್ರೂಡ್ರೈವರುಗಳ ಪೆಟ್ಟಿಗೆ ಅದು. ಅಪ್ಪ ಚಳಿ ಅಂತ ಯಾರ ಹತ್ರಾನಾದ್ರೂ ಹೇಳಿದ್ರಾ ಎಂದು ಅವಳು ಕೇಳಿದ್ದು ಗೇಟಿನ ಹತ್ತಿರ ನಿಂತವರನ್ನೆಲ್ಲ.

"ಇಲ್ಲಮ್ಮ," ಎಂದವನು ಕಾವಣ್ಣನೇ. "ಅವರು ಹೇಳೋರಲ್ಲ. ನಾವೇ ಇನ್ನೊಂದ್ಸಲ ಬಂದು ಕೇಳಬೇಕಿತ್ತು."

ಆಮೇಲೆ ಬಾಯ್ಲರು ಮುದುಕಿಯ ಬೆಂಕಿ ಆರಿಸಿದರು. ರೂಮು ರೂಮಿಗೆ ಕರೆಂಟಿನ ಹೀಟರು ಬಂತು. ಗೋಡೆಗೆ ಕಟ್ಟು ಹಾಕಿಸಿದ ಕಾಗದ ಬಂತು. ಗಿರಾಕಿಗಳು ರೂಮು ಹಿತವಾಗಿ ಬೆಚ್ಚಗಿರಬೇಕೆಂದು ಬಯಸುವುದು ನ್ಯಾಯ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯ ತನಕ, ಹೆಚ್ಚಿನ ಕಂಬಳಿ ಬೇಕಾದರೆ ಕೇಳಿ ಪಡೆಯುವುದು ಎಂದು ಅದರಲ್ಲಿ ಬರೆದಿತ್ತು. ಕಾಲುಚೀಲದ ಮಾತು ಅದರಲ್ಲಿ ಇರಲಿಲ್ಲ. ದಿನಾ ಇಪ್ಪತ್ತೆರಡು ಸಲ ಆ ಗಾಜನ್ನು ಒರೆಸುವ ಕೆಲಸ ಅವಳದಾಯಿತು.

ಕಾವಣ್ಣ ಇಸ್ತ್ರಿ ಅಂಗಡಿಯ ಹಿಂದಿನ ಒಂಟಿ ಕೋಣೆಯಲ್ಲಿ ಒಂಬತ್ತು ವರ್ಷ ಬದುಕಿದ. ವಾರಕ್ಕೊಂದು ದಿನ ಅವಳು ಹೋಗಿ ಒಲೆ ಹಚ್ಚಿ, ಅನ್ನ ಸಾರು ಮಾಡಿಟ್ಟು, ಕಿತ್ತುಹೋದ ಗುಂಡಿ ಹೊಲಿದು ಬರುವಳು. ಅವನು ಹೋಟೆಲಿನ ಸುದ್ದಿಯೆಲ್ಲ ಕೇಳುವನು, ದೊಡ್ಡಮ್ಮನ ಮಂಡಿನೋವು, ಹೊಸ ಮ್ಯಾನೇಜರಿನ ಹೊಸ ಮೀಸೆ. ಮೂಲೆಯ ರೂಮಿನ ಮಾತು ಒಂದು ದಿನವೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಪ್ರತಿ ಸಲ ಹೋಗುವಳು. ಗಂಟಲಿಗೆ ಬಂದದ್ದನ್ನು ಅನ್ನದ ಗಂಜಿಯ ಜೊತೆ ಬಸಿದು ಬರುವಳು. ಅವನು ಬೈದಿದ್ದರೆ ಹಗುರಾಗುತ್ತಿತ್ತು. ಅವನು ಇಟ್ಟಿಗೆ ಕಾಯಿಸಿ, ಮಗಳಿಗೆ ಒಯ್ಯಿ ಎನ್ನುತ್ತಿದ್ದ. ಮಗಳಿಗೆ ಆಗ ಮದುವೆಯ ವಯಸ್ಸು.

ಕೊನೆಯ ಚಳಿಗಾಲದಲ್ಲಿ ಅವನು ಹಾಸಿಗೆ ಹಿಡಿದ. ಆ ದಿನ ಬೆಳಿಗ್ಗೆ ಅವಳು ಹೋದಾಗ ಕಿಟಕಿಯಿಂದ ಬಿಸಿಲು ಬಂದು ಗೋಡೆಯ ಮೇಲೆ ಬಿದ್ದಿತ್ತು, ಮಂಚದ ತನಕ ತಲುಪಿರಲಿಲ್ಲ. ಅವಳು ಗಂಜಿ ಕುಡಿಸಲು ನೋಡಿದಳು. ಎರಡು ಚಮಚ ಇಳಿಯಿತು. ಹತ್ತಿರ ಕೂತುಕೋ ಎಂದು ಅವನು ಕಣ್ಣಲ್ಲೇ ಹೇಳಿದ. ಸೊಂಟದಿಂದ ಕೆಳಗೆ ಏನೂ ತಿಳೀತಿಲ್ಲ, ಕೈಯ ಹಾಗೇ ಆಗಿದೆ ಎಂದ. ಕಾಲು ಮುಟ್ಟಿ ನೋಡು ತಂಗಿ ಎಂದ.

ಅವಳು ಕಂಬಳಿ ಸರಿಸಿ, ಕಾಲುಚೀಲ ಬಿಚ್ಚಿ, ಮಣಿಕಟ್ಟಿನ ಒಳಭಾಗವನ್ನು ಅವನ ಪಾದಕ್ಕೆ ತಾಗಿಸಿದಳು. ತೆಗೆಯದೆ ಹಾಗೇ ಇಟ್ಟುಕೊಂಡಳು. ಇನ್ನೇನು ಬಾಯಿ ತೆರೆಯಬೇಕು, ಅವನು ತಲೆ ಅಲ್ಲಾಡಿಸಿದ.

"ಹಾಸಿಗೆ ಆಯ್ತು ಅಂತ ಮಾತ್ರ ಹೇಳಬೇಡ," ಎಂದ. "ಈ ಸಲ ಇದ್ದದ್ದು ಹೇಳು."