ಕೆರೀ ಫೋಲ್ಡರ್ ತಗಿ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಧಾರವಾಡದಲ್ಲಿದ್ದಾಗ ನಮ್ಮವ್ವ, ಇದರ ಕಾಲಾಗ ಚಕ್ರ ಅದಾವ ಅಂತಿದ್ದಳು. ಮದುವೆಯಾಗಿ ನಾಗಪುರಕ್ಕೆ ಬಂದೆ. ಗಂಡನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ನೌಕರಿ. ನನಗೆ ಒಂದು ಕ್ಯಾಮೆರಾ, ಒಂದು ಟ್ರೈಪಾಡು, ಒಂದು ಹಳೇ ಕಾರು ಸಿಕ್ಕವು, ಅಲ್ಲಿಗೆ ಮುಗೀತು. ಗುಡ್ಡ, ಹೊಲ, ನೀರು, ಮೋಡ, ಇವಿಷ್ಟೇ ನನ್ನ ವಿಷಯ. ಮನುಷ್ಯರ ಫೋಟೋ ತೆಗೆಯೋದಿಲ್ಲ. ಮದುವೆ, ನಾಮಕರಣ ಅಂತ ಯಾರಾದರೂ ಕರೆದರೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂದುಬಿಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಇಲ್ಲಿನ ಕನ್ನಡದವರೆಲ್ಲ ಕರೆಯೋದನ್ನು ಬಿಟ್ಟಿದ್ದಾರೆ.

ನಾಗಪುರದ ಹೊರಗೆ ಬುಟಿಬೋರಿ ದಾಟಿ, ಹೈವೇ ಬಿಟ್ಟು ಒಳಗೆ ಹೋದರೆ ಒಂದು ಕೆರೆ ಇತ್ತು. ಇತ್ತು ಅಂತಲೇ ಹೇಳಬೇಕು. ಮೂರು ವರ್ಷ, ಹದಿನೈದು ದಿನಕ್ಕೊಮ್ಮೆ ಅದೇ ಬಂಡೆಯ ಮೇಲೆ ಟ್ರೈಪಾಡು ಇಟ್ಟು, ಅದೇ ಲೆನ್ಸಿನಲ್ಲಿ, ಅದೇ ಎತ್ತರದಿಂದ ತೆಗೆದೆ. ಮೊದಲ ವರ್ಷ ಮಳೆಗೆ ತುಂಬಿತು, ಬೇಸಿಗೆಗೆ ಒಣಗಿ ಎರೆಮಣ್ಣು ಬಾಯಿ ಬಿಟ್ಟಿತು. ಎರಡನೇ ವರ್ಷ ಟಿಪ್ಪರ್‌ಗಳು ಬಂದು ಒಂದು ಮಗ್ಗುಲಿಂದ ಗರಸು ಮಣ್ಣು ಸುರಿಯೋಕೆ ಶುರು ಮಾಡಿದವು. ಮೂರನೇ ವರ್ಷಕ್ಕೆ ನೀರು ಇರಲಿಲ್ಲ, ಗೋಡೌನಿನ ಪಾಯ ಇತ್ತು. ಆ ಕೆರೆ ಇನ್ನು ಉಳಿದಿದ್ದು ನನ್ನ ಡಿಸ್ಕಿನಲ್ಲಿ ಮಾತ್ರ. ಪುಣೆಯಲ್ಲಿ ಪ್ರದರ್ಶನ ಮಾಡುವವರು ಅದನ್ನು ನೋಡಿ, ಒಂದು ಗೋಡೆ ಪೂರಾ ನಿಮಗೇ ಅಂದರು. ನನ್ನ ಜನ್ಮದಲ್ಲಿ ನಾನು ಪಟ್ಟು ಹಿಡಿದು ಮುಗಿಸಿದ ಕೆಲಸ ಅದೊಂದೇ.

ಸುಲಭದ ಕೆಲಸ ಅಲ್ಲ ಅದು. ಸೂರ್ಯ ಯಾವ ಮೂಲೆಯಿಂದ ಬರುತ್ತಾನೆ ಅಂತ ಫೋನಿನ ಆ್ಯಪ್ ಹೇಳುತ್ತದೆ, ನಾಗಪುರದ ಮೇ ತಿಂಗಳ ಧೂಳಿನ ಬಗ್ಗೆ ಅದಕ್ಕೇನು ಗೊತ್ತು? ಎಂಟು ಗಂಟೆಗೆಲ್ಲ ಆಕಾಶ ಸುಣ್ಣ ಬಳಿದ ಹಾಗಾಗುತ್ತದೆ. ಆಕಾಶಕ್ಕೊಂದು, ನೀರಿಗೊಂದು, ನೆರಳಿಗೊಂದು ಅಂತ ಮೂರು ಸಲ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸಬೇಕು. ಹಾಗಾದರೆ ಇದು ಮೋಸ ಅಲ್ಲವಾ ಅಂತ ಕೇಳುವವರಿದ್ದಾರೆ. ಅಡಿಗೆ ಮಾಡಿದವರನ್ನು ಎಷ್ಟು ಒಲೆ ಹಚ್ಚಿದಿರಿ ಅಂತ ಕೇಳುತ್ತೀರೇನು? ಕಣ್ಣು ನೋಡಿದ್ದು ಬಂದರೆ ಸಾಕು ನನಗೆ.

ಕೂಡಿಸಿದ ಮೇಲೆ ಅಳಿಸೋದು. ಕರೆಂಟಿನ ಕಂಬ, ವೈರು, ಸೈಕಲ್ ನಿಲ್ಲಿಸಿ ನೋಡುತ್ತಾ ನಿಂತವನು, ಎಲ್ಲ ಹೋಗಬೇಕು. ಈ ಕೆಲಸಕ್ಕೆ ನನಗೆ ತಾಳ್ಮೆ ಇಲ್ಲ. ಅದಕ್ಕೇ ಮಗಳಿಗೆ ಕಲಿಸಿದೆ. ಅವಳು ಕಾಲೇಜಿನಲ್ಲಿ ಎರಡನೇ ವರ್ಷ. ಇಲ್ಲೇ ಹುಟ್ಟಿದವಳು, ಹೊರಗೆಲ್ಲ ಮರಾಠಿ, ಹಿಂದಿ. ಕನ್ನಡ ನನ್ನ ಬಾಯಿಂದ ಕೇಳಿದಷ್ಟೇ. ನಾನು ಅವಳ ಕುರ್ಚಿಯ ಹಿಂದೆ ಅಡ್ಡಾಡುತ್ತಾ ಹೇಳುತ್ತಿದ್ದೆ, ಆ ಕಂಬಾ ತಗಿ, ವೈರ್ ತಗಿ, ಮೂಲ್ಯಾಗಿನ ಮನುಷ್ಯಾನ್ನ ತಗಿ. ಅವಳು ಅಳಿಸುತ್ತಿದ್ದಳು. ಬಾಗಿಲು ತಗಿ ಅಂದರೆ ತೆರೆ ಅಂತ, ಆದರೆ ಕಂಪ್ಯೂಟರಿನ ಮುಂದೆ ಕೂತಾಗ ನಮ್ಮ ಮನೆಯಲ್ಲಿ ‘ತಗಿ’ ಅಂದರೆ ಅದೊಂದೇ ಅರ್ಥ ಆಗಿಬಿಟ್ಟಿತ್ತು. ಇದು ನನ್ನ ಗಮನಕ್ಕೇ ಬಂದಿರಲಿಲ್ಲ.

ಫೋಟೋಗಳನ್ನು ಎರಡು ಕಡೆ ಇಟ್ಟುಕೊಳ್ಳಬೇಕು ಅಂತ ಊರಿಗೆಲ್ಲ ಹೇಳುವವಳು ನಾನೇ. ಆದರೆ ಹಿಮಾಚಲಕ್ಕೆ ಹೋಗುವ ಗಡಿಬಿಡಿಯಲ್ಲಿ ಎರಡನೇ ಡಿಸ್ಕನ್ನು ಖಾಲಿ ಮಾಡಿಕೊಂಡು ಹೋಗಿದ್ದೆ. ಬಂದ ಮೇಲೆ ಮತ್ತೆ ಕಾಪಿ ಮಾಡಿದರಾಯಿತು ಅಂತ. ಬಂದ ಮೂರನೇ ದಿನಕ್ಕೆ ಇನ್ನೆಲ್ಲಿಗೋ ಓಡಿದೆ. ಕೆರೆ ಹನ್ನೆರಡು ವರ್ಷದ ಒಂದು ಹಳೇ ಡಿಸ್ಕಿನಲ್ಲಿ ಒಂಟಿಯಾಗಿ ಉಳಿಯಿತು.

ಆವತ್ತು ಮಧ್ಯಾಹ್ನ ನಾನು ನಾಗಪುರದ ಹೊರಗಿನ ವಾಡಿಯ ಹತ್ತಿರ ಟ್ರಕ್ಕುಗಳ ನಡುವೆ ಸಿಕ್ಕಿಹಾಕಿಕೊಂಡಿದ್ದೆ. ಪುಣೆಯಿಂದ ಫೋನ್ ಬಂತು. ಆರು ಫೋಟೋದ ಮೂಲ ಫೈಲುಗಳು ಬೇಕು, ಸಂಜೆಯೊಳಗೆ ಫೈಲ್ ನಂಬರಾದರೂ ಹೇಳಿ ಅಂದರು. ಮಗಳಿಗೆ ಫೋನ್ ಹಚ್ಚಿದೆ.

“ಹಳೇ ಡಿಸ್ಕ್ ಹಚ್ಚಿ ಕೆರೀ ಫೋಲ್ಡರ್ ತಗಿ, ಜಲ್ದಿ.”

ಪೂರಾನಾ ಅಂತ ಕೇಳಿದಳು. ಪೂರಾ ತಗಿ, ಒಳಗಿನವೂ ತಗಿ ಅಂದೆ. ಆಮೇಲೆ ಏನೋ ಕೇಳುತ್ತಿದೆ, ಖಾಯಂ ಅಂತ ಬರುತ್ತಿದೆ ಅಂದಳು. ಹಿಂದಿನ ಟ್ರಕ್ಕಿನವನು ಹಾರ್ನ್ ಬಾರಿಸುತ್ತಿದ್ದ, ನನಗೆ ಅರ್ಧ ಕೇಳಿಸಿತು.

“ಏನ್ ಕೇಳಿದ್ರೂ ಯೆಸ್ ಅನ್ನು, ಮಾರಾಯ್ತಿ.”

ಆಯ್ತು ಅಂದಳು. ಈಗ ಮೊದಲನೇದರ ನಂಬರ್ ಹೇಳು ಅಂದೆ. ಯಾವುದರದು ಅಂದಳು. ತಗಿ ಅಂದಿದ್ದನ್ನೆಲ್ಲ ಅಳಿಸಿದ್ದಾಳೆ ಅಂತ ಆಗ ಹೊಳೆಯಿತು.

ಹೊರಗಿಂದ ಹಚ್ಚಿದ ಡಿಸ್ಕು ನೋಡಿ, ಅಳಿಸಿದ್ದು ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ಇರಲಿಲ್ಲ. ಮನೆಗೆ ಬಂದು ನಾನು ಏನೇನು ಅಂದೆ ಅಂತ ಎಲ್ಲ ಬರೆಯೋದಿಲ್ಲ. ಒಂದು ಮಾತು ಮಾತ್ರ ನನಗೇ ಚುಚ್ಚುತ್ತದೆ. ಮನ್ಯಾಗ ಆಡೋ ಭಾಷಾನೂ ಬರಂಗಿಲ್ಲ ನಿನಗ ಅಂದೆ. ಅವಳು ಅಳಲಿಲ್ಲ. ಎದ್ದು ಹೋದಳು. ಆಮೇಲೆ ಎರಡು ದಿನ ನನ್ನ ಜೊತೆ ಬರೀ ಹಿಂದಿ, ಅದೂ ಬೇಕಾದಷ್ಟೇ. ಗಂಡ ಊಟ ಮಾಡುತ್ತಾ, ನೀ ಹಂಗ ಹೇಳಿದ್ರ ನಾನೂ ಅಳಿಸ್ತಿದ್ದೆ ಅಂದ. ಅವನ ಮೇಲೂ ರೇಗಿದೆ.

ಪುಣೆಯವರು ಎರಡು ದಿನ ತಡೆದುಕೊಳ್ಳುತ್ತೇವೆ ಅಂದರು. ಅಳಿಸಿ ಹೋದದ್ದನ್ನು ಹೆಕ್ಕಿ ತರುವ ಸಾಫ್ಟ್‌ವೇರನ್ನು ಮಗಳೇ ಎಲ್ಲಿಂದಲೋ ತಂದು ಹಾಕಿದಳು. ಅದು ಡಿಸ್ಕನ್ನು ತಳದಿಂದ ಕೆರೆಯುತ್ತಾ ಹೋಗುತ್ತದೆ. ಹೊತ್ತೇರಿದರೂ ನೂರಕ್ಕೆ ನಾಲ್ಕು, ಐದು ಅಂತ ತೋರಿಸುತ್ತಿತ್ತು. ನಾನು ಅಡಿಗೆ ಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಕಂಪ್ಯೂಟರಿಗೆ ಎಷ್ಟು ಸಲ ತಿರುಗಿದೆನೋ. ಅವಳು ಕೂತಲ್ಲಿಂದ ಏಳಲಿಲ್ಲ. ಎರಡನೇ ದಿನ ನನಗೆ ತಡೆಯಲಿಲ್ಲ, ಕಾರು ತೆಗೆದುಕೊಂಡು ಕೆರೆಯ ಕಡೆ ಹೋದೆ. ತಗಡಿನ ಶೆಡ್ಡು, ಗೇಟು, ಗೇಟಿಗೊಬ್ಬ ಕಾವಲಿನವನು. ಯಾರು ಬೇಕು ಅಂತ ಕೇಳಿದ. ಯಾರೂ ಇಲ್ಲ ಅಂದು ತಿರುಗಿ ಬಂದೆ.

ಮನೆಗೆ ಬಂದಾಗ ಪಟ್ಟಿ ತಯಾರಾಗಿತ್ತು. ಸಾವಿರಗಟ್ಟಲೆ ಫೋಟೋ. ಹೆಸರಿಲ್ಲ, ತಾರೀಖಿಲ್ಲ. ಎಲ್ಲಕ್ಕೂ ಮೊದಲೇ ಟಿಕ್ ಇರುತ್ತದೆ, ಬೇಡಾದವುಗಳ ಟಿಕ್ ಬಿಡಿಸಿದರೆ ಉಳಿದವು ಬೇರೆ ಡಿಸ್ಕಿಗೆ ಹೋಗುತ್ತವೆ. ಮಗಳು ಕೆರೆಯ ಫೋಟೋಗಳ ಟಿಕ್ ಮಾತ್ರ ಉಳಿಸುತ್ತಿದ್ದಳು. ತಾರೀಖು ಇಲ್ಲದಿದ್ದರೂ ನೀರು ಎಷ್ಟು ಇಳಿದಿದೆ, ಗರಸು ಎಲ್ಲಿವರೆಗೆ ಬಂದಿದೆ ಅಂತ ನೋಡಿ ಬರೋಬರ್ ಸಾಲಾಗಿ ಬರೆದಿಟ್ಟಿದ್ದಳು. ನನಗಿಂತ ಚೆನ್ನಾಗಿ ಆ ಕೆರೆ ಅವಳಿಗೆ ಗೊತ್ತಿತ್ತು.

ಹೊಟ್ಟೆ ತಣ್ಣಗಾಯಿತು. ಆಗಲೇ ಪಟ್ಟಿಯ ಕೊನೆಯಲ್ಲಿ ಬೇರೆ ಏನೋ ಕಂಡಿತು. ಡಿಸ್ಕಿನ ತಳದಲ್ಲಿ ಹತ್ತು, ಹನ್ನೆರಡು ವರ್ಷದ ಹಿಂದೆ ಅಳಿಸಿದ್ದೂ ಉಳಿದುಕೊಂಡಿತ್ತು. ಒಂದು ಗುಡ್ಡ, ಅದರ ಮುಂದೆ ಓಡುವ ಒಂದು ಹುಡುಗಿ. ಜೋಳದ ಹೊಲ, ಮಧ್ಯದಲ್ಲಿ ಅದೇ ಹುಡುಗಿಯ ತಲೆ. ಸೂರ್ಯ ಮುಳುಗುವ ಹೊತ್ತಿಗೆ ಲೆನ್ಸಿಗೆ ಅಡ್ಡ ಹಿಡಿದ ಐದು ಬೆರಳು. ಗಂಡನ ಶಿಫ್ಟ್ ಇದ್ದ ದಿನ ಬೇರೆ ದಾರಿ ಇಲ್ಲದೆ ಅವಳನ್ನು ಕಟ್ಟಿಕೊಂಡು ಹೋಗುತ್ತಿದ್ದೆ. ಹಿಂದಕ್ಕೆ ನಿಲ್ಲು ಅಂತ ಚೀರುತ್ತಿದ್ದೆ. ಮನೆಗೆ ಬಂದು, ಕೆಟ್ಟು ಹೋದವು ಅಂತ ಇವನ್ನು ಅಳಿಸುತ್ತಿದ್ದೆ. ಈಗ ಮಗಳು ಒಂದೊಂದಾಗಿ ಅವುಗಳ ಟಿಕ್ ಬಿಡಿಸುತ್ತಾ ಬರುತ್ತಿದ್ದಳು.

ಯಾಕೆ ಅಂತ ಕೇಳಿದೆ.

“ಇವು ಕೆರೀವಲ್ಲ, ಮಮ್ಮಿ. ಇವನ್ನ ನೀನ ತಗದೀದಿ.”

ಎರಡು ದಿನದ ಮೇಲೆ ಆಡಿದ ಕನ್ನಡ. ಒಂದಕ್ಷರ ತಪ್ಪಿರಲಿಲ್ಲ. ಯಾವ ಅರ್ಥದಲ್ಲಿ ಹೇಳಿದಳೋ, ಫೋಟೋ ಹೊಡೆದವಳೂ ನಾನೇ, ಅಳಿಸಿದವಳೂ ನಾನೇ, ಎರಡೂ ಖರೇನೇ. ನನಗೆ ನಾಚಿಕೆಯಾಯಿತು. ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ.

ಎಲ್ಲಕ್ಕೂ ತಿರುಗಿ ಟಿಕ್ ಹಾಕು ಅಂದೆ. ಎರಡನೇ ಡಿಸ್ಕಿನ ತುಂಬ ಹಿಮಾಚಲ ಇದೆ, ಇರೋ ಜಾಗ ಕೆರೆಗೆ ಮಾತ್ರ ಸಾಕು ಅಂದಳು. ಪುಣೆಯವರಿಗೆ ಕಳಿಸಲು ಒಂದು ತಾಸೂ ಉಳಿದಿರಲಿಲ್ಲ, ಹೊಸ ಡಿಸ್ಕಿಗೆ ಓಡುವ ಹೊತ್ತಲ್ಲ.

“ಹಂಗಾದ್ರ ಹಿಮಾಚಲ ಡಿಲೀಟ್ ಮಾಡು,” ಅಂದೆ. ತಗಿ ಅನ್ನಲಿಲ್ಲ.

ಅವಳು ನನ್ನ ಮುಖ ನೋಡಿದಳು. ಹನ್ನೊಂದು ದಿನ ಚಳಿಯಲ್ಲಿ ನಿಂತು ತೆಗೆದಿದ್ದು, ಗುಡ್ಡ ಅಷ್ಟು ಚಲೋ ಬಂದಾವಲ್ಲ ಅಂದಳು.

“ಗುಡ್ಡ ಎಲ್ಲಿ ಹೋಗ್ತಾವ, ಅಲ್ಲೇ ಇರ್ತಾವ.”

ಅವಳು ಮೌಸನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ಪರದೆಯ ಮೇಲೆ ಏಳು ವರ್ಷದ ಹುಡುಗಿ, ಬಾಯಿ ತುಂಬ ಏನೋ ಕೂಗುತ್ತಾ ನೇರ ನನ್ನ ಕಡೆಗೇ ಓಡಿ ಬರುತ್ತಿದ್ದಾಳೆ. ಫೋಕಸ್ ಇಲ್ಲ, ಕ್ಷಿತಿಜ ಸೊಟ್ಟ. ಟಿಕ್ ಹಾಕಿದೆ.