ಸುಂದ್ರಿ ತೆಗೆಯಲಾಗದ ಚಿಲಕ

ಕೋವಿಡ್ ಕಳೆದು ಕೆಲಸಗಳು ಮತ್ತೆ ಶುರುವಾಗಿದ್ದ ವರ್ಷ. ತಿ. ನರಸೀಪುರದಲ್ಲಿ ನಾನು ವೆಲ್ಡಿಂಗ್ ಶಾಪ್ ಇಟ್ಟು ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ಹತ್ತಿರದ ಹದಿನಾರು ಎಂಬ ಹಳ್ಳಿಯಿಂದ ಚಂದ್ರಮ್ಮ ಎಂಬುವವರು ಹಿತ್ತಲಿನ ಕೈತೋಟಕ್ಕೆ ಬೇಲಿ, ಗೇಟು ಬೇಕೆಂದು ಕರೆಸಿದರು. ಬದನೆ, ಅವರೆ, ಸೇವಂತಿಗೆಯ ನಡುವೆ ಒಂದು ರಸಬಾಳೆ ಗಿಡ ಗೊನೆ ಬಿಟ್ಟಿತ್ತು. ರೋಗಕ್ಕೆ ಸಿಕ್ಕಿ ನಮ್ಮ ಕಡೆ ಅಪರೂಪವಾಗುತ್ತಿರುವ ತಳಿ ಅದು. ಮೊಮ್ಮಗಳ ನಾಮಕರಣಕ್ಕೆ ಆ ಹಣ್ಣನ್ನೇ ಬಡಿಸಬೇಕೆಂದು ಅವರ ಆಸೆ.

ಮೂವತ್ತಡಿಗೆ ನಲವತ್ತಡಿ ಜಾಗ. ಹತ್ತಡಿಗೊಂದು ಕಲ್ಲುಕಂಬ ನೆಟ್ಟು ಚೈನ್ ಲಿಂಕ್ ಮೆಶ್, ಅಂದರೆ ಹೆಣೆದ ತಂತಿಬಲೆ, ಬಿಗಿದೆವು. ಮೂರೂವರೆ ಅಡಿ ಅಗಲದ ಗೇಟು ಮುಂದೆ ಜೋತು ಬೀಳದಂತೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಬೆಸೆದೆ. ಚಿಲಕ ಎಳೆದು ಒಂದು ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ತೆರೆಯುತ್ತಿತ್ತು. ಬೀಗುತ್ತಲೇ ಮನೆಗೆ ಬಂದೆ.

ಮೂರನೇ ದಿನ ಫೋನ್ ಬಂತು. "ಗೇಟು ಚೆಂದಾಗಿ ಅದೆ ಕಣಣ್ಣ. ಆದ್ರೆ ನಮ್ ಅಸು ಸುಂದ್ರಿ ನನ್ಗಿಂತ ಬೇಗ ತೆಗೀತಾಳೆ!"

"ಅಸು ಚಿಲಕ ತೆಗೀತದಾ ಅಕ್ಕಾ? ನೀವೇ ಆಕದು ಮರ್ತಿರ್ಬೇಕು."

"ಬಂದು ನೀವೇ ನೋಡಿ."

ಹೋದೆ. ಬದನೆ ಸಾಲು ಆಗಲೇ ಬೋಳಾಗಿತ್ತು. ಚಂದ್ರಮ್ಮ ಹಸುವಿನ ಹಗ್ಗ ಬಿಚ್ಚಿದರು. ಸುಂದ್ರಿ ನೇರ ಗೇಟಿಗೆ ಬಂದು, ಚಿಲಕದ ಹಿಡಿಗೆ ನಾಲಿಗೆ ಸುತ್ತಿ ಎಳೆದಳು. ಹಣೆಯಿಂದ ಗೇಟು ತಳ್ಳಿ ಮನೆಯೊಡತಿಯಂತೆ ಒಳಗೆ ನಡೆದಳು. ಬಾಳೆಗೊಮ್ಮೆ ಮೈ ಉಜ್ಜಿದರೆ ಗೊನೆ ಸಮೇತ ನೆಲಕ್ಕೆ! ಇಬ್ಬರೂ ಓಡಿ ಹಿಡಿದೆವು.

ಬಿಗಿಯಾದ ಚಿಲಕ ಹಾಕಿದೆ. ಅದನ್ನು ತೆಗೆಯಲು ಚಂದ್ರಮ್ಮನೇ ತಿಣುಕಾಡಿದರು; ಸುಂದ್ರಿಗೆ ಎರಡು ನಿಮಿಷ ಸಾಕಾಯಿತು. ಮುಖಭಂಗವಾದರೂ ನಗು ತಡೆಯಲಾಗಲಿಲ್ಲ. ಜಗಲಿಯ ಮೇಲೆ ಕೂತು ಅವಳ ಮೂತಿಯನ್ನೇ ಅರ್ಧ ಗಂಟೆ ನೋಡಿದೆ. ಅವಳು ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತಿದ್ದಳು.

ಮರುದಿನ ಚಿಲಕದ ಮೇಲೊಂದು ಕೊಂಡಿ ಕೂರಿಸಿದೆ. ಒಂದು ಕೈಯಲ್ಲಿ ಕೊಂಡಿ ಎತ್ತಿ ಹಿಡಿದೇ ಇನ್ನೊಂದು ಕೈಯಲ್ಲಿ ಚಿಲಕ ಎಳೆಯಬೇಕು. ಅಕ್ಕಪಕ್ಕದವರೆಲ್ಲ ನೋಡಲು ನೆರೆದರು. ಸುಂದ್ರಿ ನೆಕ್ಕಿದಳು, ನೂಕಿದಳು, ಕೊನೆಗೆ ಚಂದ್ರಮ್ಮನ ಕಡೆ ತಿರುಗಿ "ಅಂಬಾ" ಎಂದಳು.

"ಸೋತ್ಯೇನೇ ನನ್ ಕಂದಾ!" ಎಂದು ಚಂದ್ರಮ್ಮ ಅವಳ ಕೊರಳು ತಬ್ಬಿಕೊಂಡರು.

ಗೊನೆ ಉಳಿಯಿತು. ನಾಮಕರಣದ ಪಂಕ್ತಿಯಲ್ಲಿ ನನಗೂ ಎಲೆ ಹಾಕಿದರು.

ಒಳಗೆ ಹೋಗುವವರ ಕೈ ನೋಡಿ ಗೇಟು ಮಾಡುವುದು ಎಲ್ಲರಿಗೂ ಗೊತ್ತು. ಹೋಗಬಾರದವರ ಬುದ್ಧಿಯನ್ನೂ ನೋಡಬೇಕೆಂದು ನನಗೆ ಕಲಿಸಿದ್ದು ಒಂದು ಹಸು. ಈಗ ಯಾರೇ ಗೇಟು ಕೇಳಲಿ, ಅಳತೆಯ ಟೇಪು ಬಿಚ್ಚುವ ಮೊದಲು ಕೊಟ್ಟಿಗೆ ಎಲ್ಲಿದೆ ಎಂದು ಕೇಳುತ್ತೇನೆ.